ತಕ್ಕಡಿ ಮೇಲಿನ ಹದಿನೈದು ಗ್ರಾಂ

ಎಲ್ಲರಿಗೂ ನಮಸ್ಕಾರ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ದಿನಾ ತಪ್ಪದ ಕೆಲಸ ಒಂದಿದೆ, ತೂಕ ನೋಡುವುದು. ನರ್ಸ್ ಮಗುವನ್ನು ಬರಿಮೈಯಲ್ಲಿ ತಕ್ಕಡಿ ಮೇಲೆ ಮಲಗಿಸಿ, ಹಾಲಿನ ನಳಿಕೆಯನ್ನು ಮಾತ್ರ ಕೈಯಲ್ಲಿ ಎತ್ತಿ ಹಿಡಿದಿರುತ್ತಾರೆ. ಅದರ ಭಾರವೂ ಲೆಕ್ಕಕ್ಕೆ ಬಂದುಬಿಡುತ್ತೆ ಅಲ್ವಾ? ನಿನ್ನೆ 1180, ಇವತ್ತು 1165 ಅಂದರೆ ಸಾಕು, ಅಜ್ಜಿಯ ಮುಖ ಸಪ್ಪಗಾಗುತ್ತದೆ, ತಪ್ಪೆಲ್ಲ ಬಾಣಂತಿಯ ಹಾಲಿನ ಮೇಲೆ ಬೀಳುತ್ತದೆ. ಪಾಪ, ಮೊದಲ ದಿನಗಳಲ್ಲಿ ಇಳಿಯುವುದು ಹೆಚ್ಚಾಗಿ ಮೈಯಲ್ಲಿದ್ದ ನೀರು.

'ಬೆಳೆಯೋ ಹಾರ್ಮೋನ್ ಇಂಜೆಕ್ಷನ್ ಕೊಡಿ ಡಾಕ್ಟ್ರೇ' ಅನ್ನುವವರೂ ಇದ್ದಾರೆ. ವಿಚಿತ್ರ ನೋಡಿ, ಬೆಳವಣಿಗೆಯ ಹಾರ್ಮೋನ್ ಈ ಮಕ್ಕಳ ರಕ್ತದಲ್ಲಿ ಜಾಸ್ತಿಯೇ ಇರುತ್ತದೆ, ಆದರೆ ಎಳೆಯ ಲಿವರ್ ಅದರ ಮಾತನ್ನು ಇನ್ನೂ ಸರಿಯಾಗಿ ಕೇಳುವುದಿಲ್ಲ. ಹೊಟ್ಟೆಯೊಳಗೆ ಮಗುವನ್ನು ಬೆಳೆಸುವುದು ಇನ್ಸುಲಿನ್ ಮತ್ತು ಐಜಿಎಫ್ ಎಂಬ ಹಾರ್ಮೋನುಗಳು. ಐಜಿಎಫ್-1 ಕೊನೆಯ ಮೂರು ತಿಂಗಳಲ್ಲಿ ಏರುತ್ತಾ ಹೋಗಬೇಕು. ಮಗು ತಿಂಗಳು ತುಂಬದೆ ಹುಟ್ಟಿದರೆ ಮಾಸಿನಿಂದ ಬರುತ್ತಿದ್ದ ಆಹಾರವೂ ನಿಂತು, ಅದು ಥಟ್ಟನೆ ಕುಸಿಯುತ್ತದೆ, ಮತ್ತೆ ಮೇಲೇಳಲು ವಾರಗಳೇ ಬೇಕು.

ಇದರ ಪೆಟ್ಟು ಕಣ್ಣಿಗೂ ಬೀಳುತ್ತದೆ. ಕಣ್ಣಿನ ಹಿಂಪದರದ ರಕ್ತನಾಳಗಳು ಅರ್ಧಕ್ಕೇ ನಿಂತುಬಿಡುತ್ತವೆ, ಆಮೇಲೆ ಅಡ್ಡಾದಿಡ್ಡಿ ಬೆಳೆದು ಪದರವನ್ನೇ ಕಿತ್ತುಹಾಕಬಹುದು. ಸ್ವೀಡನ್ನಿನ ಆನ್ ಹೆಲ್‌ಸ್ಟ್ರಾಮ್, ಬಾಸ್ಟನ್ನಿನ ಲೋಯಿಸ್ ಸ್ಮಿತ್ ಮತ್ತು ಜೊತೆಗಾರರು ಈ ಕಾಯಿಲೆಗೂ ಕಡಿಮೆ ಐಜಿಎಫ್-1ಗೂ ಇರುವ ನಂಟನ್ನು 2001ರಲ್ಲಿ ತೋರಿಸಿದರು. ಹಾಗಾದರೆ ಅದನ್ನೇ ಡ್ರಿಪ್‌ನಲ್ಲಿ ಕೊಟ್ಟರೆ? ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಶ್ವಾಸಕೋಶದ ತೀವ್ರ ತೊಂದರೆ ಕಡಿಮೆ ಕಂಡಿತು, ಕಣ್ಣಿನದು ಮಾತ್ರ ಕಡಿಮೆಯಾಗಲಿಲ್ಲ.

ಹಾಗಾಗಿ ನಮ್ಮ ಕೈಯಲ್ಲಿರುವುದು ಹಳೆಯ ದಾರಿಯೇ. ತಾಯಿಯ ಹಾಲು, ತೀರಾ ಸಣ್ಣ ಮಗುವಾದರೆ ಅದಕ್ಕೆ ಬೆರೆಸುವ ಪೋಷಕಾಂಶದ ಪುಡಿ, ಮತ್ತೆ ಕಾಂಗರೂ ಆರೈಕೆ. ಎದೆಗೆ ಎದೆ ತಾಗಿಸಿ ಮಲಗಿಸಿಕೊಂಡರೆ ಮಗು ಮೈ ಬೆಚ್ಚಗಿಡಲು ಸುಡುವ ಶಕ್ತಿ ಉಳಿದು ಬೆಳವಣಿಗೆಗೆ ಸಿಗುತ್ತದೆ. ಅಪ್ಪನೂ ಮಲಗಿಸಿಕೊಳ್ಳಬಹುದು, ಸಂಕೋಚ ಯಾಕೆ? ಚೇತರಿಸಿಕೊಂಡ ಮಗು ದಿನಕ್ಕೆ ಕಿಲೋಗೆ 15ರಿಂದ 20 ಗ್ರಾಂ ಏರಿದರೆ ನಮಗೆ ಸಮಾಧಾನ. ವಾರದಿಂದ ವಾರಕ್ಕೆ ಏರದಿದ್ದರೆ ಐಜಿಎಫ್-1 ಕಡಿಮೆ ಇರಬಹುದು, ಹಾಗಾಗಿ ಕಣ್ಣಿನ ಮೇಲೆ ಇನ್ನಷ್ಟು ನಿಗಾ.

34 ವಾರಕ್ಕೆ ಮೊದಲು ಹುಟ್ಟಿದ್ದರೆ ಅಥವಾ 2 ಕಿಲೋಗಿಂತ ಕಡಿಮೆ ಇದ್ದರೆ, 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕವಕ್ಕೆ ಇನ್ನೂ ಬೇಗ. ನಮ್ಮ ರಾಜ್ಯದಲ್ಲಿ 2008ರಿಂದ ಈ ಮಕ್ಕಳ ಕಣ್ಣು ಪರೀಕ್ಷಿಸುವ ಕಿಡ್‌ರಾಪ್ ಎಂಬ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗುತ್ತಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ಪರೀಕ್ಷೆಯ ತಾರೀಖು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ ಬರೆಸಿಕೊಳ್ಳಿ.