ಪಿಎಚ್.ಡಿ.ಗೆ ಎಷ್ಟು ಚುಕ್ಕಿ?

ಎಲ್ಲರಿಗೂ ನಮಸ್ಕಾರ.

ನಾನು ಒಂದು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದಲ್ಲಿ ತುಂಬಾ ವರ್ಷ ಪ್ರೂಫ್ ನೋಡೋ, ಅಂದ್ರೆ ಅಚ್ಚಿಗೆ ಹೋಗೋ ಮುಂಚೆ ತಪ್ಪು ತಿದ್ದೋ ಕೆಲಸ ಮಾಡಿದೀನಿ. ಯಾವ ವಿಶ್ವವಿದ್ಯಾಲಯ ಅನ್ನೋದು ಬೇಡ, ಈ ಕಷ್ಟ ಎಲ್ಲ ಕಡೆನೂ ಇದೆ. ಘಟಿಕೋತ್ಸವ ಹತ್ರ ಬಂತು ಅಂದ್ರೆ ಸಾಕು, ನಮ್ಮ ಟೇಬಲ್ ಮೇಲೆ ಕಾಗದದ ರಾಶಿ ಬೀಳೋದು, ಆಹ್ವಾನ ಪತ್ರಿಕೆ, ಚಿನ್ನದ ಪದಕದವರ ಪಟ್ಟಿ, ವಾರ್ಷಿಕ ವರದಿ, ಕುಲಪತಿಗಳ ಭಾಷಣ, ಎಲ್ಲ ಒಂದೇ ವಾರದಲ್ಲಿ, ಒಂದೊಂದೂ ಒಂದೊಂದು ವಿಭಾಗದಿಂದ. ಒಂದು ಸಲ ಏನಾಯ್ತು ಅಂದ್ರೆ, ಒಂದೇ ಪುಟದಲ್ಲಿ ಪಿಎಚ್.ಡಿ. ಅನ್ನೋದು ನಾಲ್ಕು ತರ ಬಂದಿತ್ತು. ಒಂದ್ಕಡೆ ಪಿ ಚುಕ್ಕಿ ಎಚ್ ಚುಕ್ಕಿ ಡಿ ಚುಕ್ಕಿ. ಇನ್ನೊಂದ್ಕಡೆ ಚುಕ್ಕಿನೇ ಇಲ್ಲ. ಮೂರನೇದ್ರಲ್ಲಿ ಎಕಾರದ ಬದಲು ಹಕಾರ ಹಾಕಿ ಪಿಹೆಚ್‌ಡಿ. ನಾಲ್ಕನೇದ್ರಲ್ಲಿ ಪಿಎಚ್ ಕೂಡಿಸಿ ಬರೆದು ಆಮೇಲೆ ಚುಕ್ಕಿ ಇಟ್ಟು ಡಿ. ನೀವು ರೇಡಿಯೋದಲ್ಲಿ ಕೇಳ್ತಿರೋದ್ರಿಂದ ಇದು ಸಣ್ಣದು ಅನ್ನಿಸಬಹುದು, ಆದ್ರೆ ಐದಾರು ವರ್ಷ ಕೂತು ಪ್ರಬಂಧ ಬರೆದು ಆ ಪದವಿ ತಗೊಳ್ಳೋ ಹುಡುಗಿ ಆ ಪುಟ ತೆಗೆದು ನೋಡ್ತಾಳಲ್ಲ, ಅವಳಿಗೆ ಕೊಡ್ತಿರೋ ಪದವಿಯ ಹೆಸರೇ ಕೊಡೋರಿಗೆ ಗಟ್ಟಿಯಾಗಿ ಗೊತ್ತಿಲ್ಲ ಅನ್ನೋ ತರ ಕಾಣತ್ತೆ ಅದು.

ಇದ್ರಲ್ಲಿ ಸರಿ ಯಾವ್ದು ಅಂತ ಕೇಳಿದ್ರೆ, ಪಿ ಮತ್ತು ಎಚ್ ಎರಡೂ ಬಂದಿರೋದು ಫಿಲಾಸಫಿ ಅನ್ನೋದಕ್ಕಿರೋ ಲ್ಯಾಟಿನ್ ಪದದ ಶುರುವಿನ ಎರಡು ಅಕ್ಷರದಿಂದ, ಡಿ ಬಂದಿರೋದು ಡಾಕ್ಟರ್ ಇಂದ. ಹಾಗಾಗಿ ಪಿಗೂ ಎಚ್‌ಗೂ ನಡುವೆ ಚುಕ್ಕಿ ಇಟ್ರೆ ಒಂದೇ ಪದವನ್ನ ಮಧ್ಯಕ್ಕೆ ಕಡಿದ ಹಾಗೆ. ಎಚ್ ಬೇಕೋ ಹೆಚ್ ಬೇಕೋ ಅನ್ನೋದು ಮಾತ್ರ ಅಷ್ಟು ಸುಲಭಕ್ಕೆ ತೀರೋ ಜಗಳ ಅಲ್ಲ, ಎರಡನ್ನೂ ಬರೆಯೋರು ಇದ್ದಾರೆ, ಎರಡನ್ನೂ ಸಮರ್ಥಿಸೋರೂ ಇದ್ದಾರೆ. ನನ್ನ ಅಭಿಪ್ರಾಯ, ಯಾವ್ದಾದ್ರೂ ಒಂದನ್ನ ಆರಿಸ್ಕೊಳ್ಳಿ, ಆರಿಸಿದ್ದನ್ನ ಬರೆದಿಡಿ, ಬರೆದಿಟ್ಟಿದ್ದನ್ನ ಎಲ್ಲ ವಿಭಾಗಕ್ಕೂ ಕೊಡಿ.

ಬೇರೆ ದೇಶದ ವಿಶ್ವವಿದ್ಯಾಲಯಗಳೂ ಹೀಗೇ ಶುರು ಮಾಡಿದ್ದು. ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ಶುರುವಾಗಿದ್ದು 1891ರಲ್ಲಿ. ಆಗ ಪ್ರೊಫೆಸರುಗಳು ಕೈಬರಹದ ಪ್ರತಿಯನ್ನ ಸೀದಾ ತಂದು ಅಚ್ಚಿನ ಮೊಳೆ ಜೋಡಿಸೋ ಕಂಪೋಸಿಟರ್ ಕೈಗೇ ಕೊಡ್ತಿದ್ರಂತೆ, ಅವ್ರು ಅದನ್ನ ಹೇಗೋ ಓದ್ಕೊಂಡು ಜೋಡಿಸಿ ಪ್ರೂಫ್ ತೆಗೆದು ತಿದ್ದೋರಿಗೆ ಕೊಡೋದು, ತಿದ್ದೋರು ಕೂರೋ ಜಾಗಕ್ಕೆ ಬ್ರೇನರಿ ಅಂತ ಹೆಸರು. ಒಬ್ಬೊಬ್ಬ ಪ್ರೊಫೆಸರು ಒಂದೊಂದು ತರ ಬರೆದಿರೋದನ್ನ ದಿನಾ ತಿದ್ದಿ ತಿದ್ದಿ, ಆ ಸಿಬ್ಬಂದಿನೇ ಒಂದು ಹಾಳೆ ಮೇಲೆ ನಿಯಮ ಬರ್ಕೊಂಡ್ರು. ಆ ಹಾಳೆ ವಿಶ್ವವಿದ್ಯಾಲಯದ ಉಳಿದೋರ ಕೈಗೂ ಹೋಯ್ತು, ಹಾಳೆ ಬೆಳೆದು ಕಿರುಹೊತ್ತಿಗೆ ಆಯ್ತು, 1906ರಲ್ಲಿ ಪುಸ್ತಕನೇ ಆಯ್ತು. 2024ರಲ್ಲಿ ಅದರ 18ನೇ ಆವೃತ್ತಿ ಬಂತು, ಈಗ ಸಾವಿರ ಪುಟ ದಾಟಿದೆ. ಆಕ್ಸ್‌ಫರ್ಡಿನ ಕತೆನೂ ಇಂಥದ್ದೇ, ಅಲ್ಲಿನ ವಿಶ್ವವಿದ್ಯಾಲಯ ಮುದ್ರಣಾಲಯ ನೋಡ್ಕೊಳ್ತಿದ್ದ ಹೊರೇಸ್ ಹಾರ್ಟ್ ಅನ್ನೋರು 1893ರಲ್ಲಿ ತಮ್ಮ ಕಂಪೋಸಿಟರುಗಳಿಗೆ ಮತ್ತು ಪ್ರೂಫ್ ನೋಡೋರಿಗೆ ಅಂತ 24 ಪುಟದ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ್ರು, ಹೊರಗಿನವರಿಗೂ ಮಾರೋಕೆ ಶುರು ಮಾಡಿದ್ದು 1904ರಲ್ಲಿ. ಇಂಗ್ಲೆಂಡಿನಲ್ಲಿ ಹೆಚ್ಚಿನವರು ರಿಯಲೈಸ್ ಅನ್ನೋದಕ್ಕೆ ಎಸ್ ಅಕ್ಷರ ಹಾಕಿದ್ರೂ ಆ ಮುದ್ರಣಾಲಯ ಮಾತ್ರ ಇವತ್ತಿಗೂ ಝಡ್ ಹಾಕತ್ತೆ. ಎಸ್ ತಪ್ಪು ಅಂತಲ್ಲ, ಅದು ಅವ್ರ ಮನೆ ಪದ್ಧತಿ. ನಮ್ಮ ಮನೇಲಿ ಹಬ್ಬಕ್ಕೆ ಹೋಳಿಗೆ, ಪಕ್ಕದ ಮನೇಲಿ ಕಡುಬು, ಅಷ್ಟೇ.

ನಮ್ಮಲ್ಲೂ ಇಂಥ ಮನೆ ಪದ್ಧತಿ ಇದೆ, ಗಮನಿಸಿದೀರಾ? 1916ರಲ್ಲಿ ಶುರುವಾದ ಮೈಸೂರಿನದ್ದು ವಿಶ್ವವಿದ್ಯಾನಿಲಯ, ನಿ ಅಕ್ಷರ ಇದೆ. ಧಾರವಾಡದ್ದು, ಹಂಪಿಯದ್ದು, ಬೆಂಗಳೂರಿನದ್ದು ವಿಶ್ವವಿದ್ಯಾಲಯ. ಅರ್ಥ ಎರಡಕ್ಕೂ ಒಂದೇ. ಆದ್ರೆ ಮೈಸೂರಿನವರ ಬಗ್ಗೆ ಬರೆಯೋವಾಗ ನಿ ಬಿಟ್ರೆ ಅವ್ರ ಹೆಸರನ್ನೇ ತಪ್ಪು ಬರೆದ ಹಾಗೆ. ಧಾರವಾಡದ್ದು ಇಂಗ್ಲಿಷಲ್ಲಿ ಬರೆಯೋವಾಗ ಕರ್ನಾಟಕ್ ಅಂತ ನಿಲ್ಲತ್ತೆ, ಕೊನೇಲಿ ಎ ಇಲ್ಲ, ರಾಜ್ಯದ ಹೆಸರಲ್ಲಿ ಎ ಇದೆ, ಪಾಪ ಎಷ್ಟು ಜನ ಅಭ್ಯಾಸಬಲದಿಂದ ಆ ಎ ಸೇರಿಸಿಬಿಡ್ತಾರೋ. 2014ರ ನವೆಂಬರ್ 1ಕ್ಕೆ ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಇನ್ನೊಂದು ಗೊಂದಲ ಬಂತು. ಗುಲಬರ್ಗ ಕಲಬುರಗಿ ಆಯ್ತು, ಆದ್ರೆ ಅಲ್ಲಿನ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ವಿಶ್ವವಿದ್ಯಾಲಯ ಅಂತಲೇ ಉಳೀತು. ಹಾಗಾಗಿ ಮೇಲೆ ಗುಲಬರ್ಗಾ, ಕೆಳಗೆ ವಿಳಾಸದಲ್ಲಿ ಕಲಬುರಗಿ. ಹೊಸದಾಗಿ ಬಂದ ಟೈಪಿಸ್ಟ್ ಇದನ್ನ ನೋಡಿ ಎರಡನ್ನೂ ಒಂದು ಮಾಡಿಬಿಟ್ರೆ ಅವ್ರ ತಪ್ಪಲ್ಲ, ಸಂಸ್ಥೆ ಹೆಸರು ಬೇರೆ ಊರ ಹೆಸರು ಬೇರೆ ಅಂತ ಯಾರೂ ಬರೆದುಕೊಟ್ಟಿಲ್ಲ ಅಷ್ಟೇ.

ಹುದ್ದೆಗಳ ಹೆಸರೂ ಹಾಗೇ. ಈಗ ವೈಸ್ ಚಾನ್ಸಲರ್ ಅಂದ್ರೆ ಕುಲಪತಿ, ಚಾನ್ಸಲರ್ ಕುಲಾಧಿಪತಿ, ರಿಜಿಸ್ಟ್ರಾರ್ ಕುಲಸಚಿವ. ಹಳೇ ಪುಸ್ತಕ ತೆಗೆದ್ರೆ ವೈಸ್ ಚಾನ್ಸಲರ್‌ಗೆ ಉಪಕುಲಪತಿ ಅಂತ ಇರತ್ತೆ. ಕುವೆಂಪು ಅವ್ರು 1956ರಿಂದ 1960ರವರೆಗೆ ಮೈಸೂರಿನಲ್ಲಿ ಆ ಹುದ್ದೇಲಿದ್ರು, ಅವ್ರನ್ನ ಈಗ ಏನಂತ ಬರೀಬೇಕು? ನಾವು ಆಗಿನ ಲೇಖನ ಮರುಮುದ್ರಣ ಆದ್ರೆ ಉಪಕುಲಪತಿ, ಹೊಸ ಲೇಖನ ಆದ್ರೆ ಕುಲಪತಿ ಅಂತ ಇಟ್ಕೊಂಡ್ವಿ. ಬೇರೆಯವ್ರು ಬೇರೆ ತರ ಇಟ್ಕೋಬಹುದು. ಆದ್ರೆ ಒಂದೇ ಸ್ಮರಣ ಸಂಚಿಕೇಲಿ ಒಂದು ಪುಟದಲ್ಲಿ ಕುಲಪತಿ, ತಿರುಗಿಸಿದ್ರೆ ಉಪಕುಲಪತಿ ಅಂತ ಇದ್ರೆ ಹದಿನೆಂಟು ವರ್ಷದ ಹುಡುಗ ಇಬ್ಬರು ಬೇರೆ ಬೇರೆ ಅಧಿಕಾರಿಗಳು ಅಂತಲೇ ತಿಳ್ಕೊಳ್ತಾನೆ.

ಇಷ್ಟೆಲ್ಲ ನಾನು ಯಾಕೆ ಹಚ್ಕೊಂಡೆ ಅನ್ನೋದಕ್ಕೆ ಒಂದು ಘಟನೆ ಹೇಳಬೇಕು. ಒಬ್ಬ ಹುಡುಗಿ, ಹೆಸರು ಲಕ್ಷ್ಮಿ ಅಂತ ಇಟ್ಕೊಳ್ಳಿ. ದಕ್ಷಿಣದ ಕಡೆ ಈ ಹೆಸರನ್ನ ಇಂಗ್ಲಿಷಲ್ಲಿ ಕೆ ಎಸ್ ಎಚ್ ಹಾಕಿ ಬರೆಯೋದು ಜಾಸ್ತಿ, ಉತ್ತರ ಕರ್ನಾಟಕದಲ್ಲಿ ಎಕ್ಸ್ ಹಾಕಿ ಬರೆಯೋದು ಜಾಸ್ತಿ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟೀಲಿ ಎಕ್ಸ್ ಇತ್ತು, ಡಿಗ್ರಿಯ ಅಂಕಪಟ್ಟಿಗಳಲ್ಲೂ ಎಕ್ಸ್. ಪದವಿ ಪ್ರಮಾಣಪತ್ರದ ಪಟ್ಟಿಯನ್ನ ಇನ್ನೊಂದು ಶಾಖೆಯವ್ರು ಕನ್ನಡದಲ್ಲಿ ಟೈಪ್ ಮಾಡಿಸಿ ಅದ್ರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿದ್ರು, ಅಲ್ಲಿ ಕೆ ಎಸ್ ಎಚ್ ಆಗೋಯ್ತು, ಕನ್ನಡದಲ್ಲೂ ಕೊನೇ ಅಕ್ಷರಕ್ಕೆ ದೀರ್ಘ ಬಿದ್ದು ಲಕ್ಷ್ಮೀ ಆಗಿತ್ತು. ಆ ಹುಡುಗಿಗೆ ಕೆಲಸ ಸಿಕ್ತು, ಕಂಪನಿಯವ್ರು ದಾಖಲೆ ಪರಿಶೀಲನೆ ಮಾಡೋವಾಗ ಇದು ಇಬ್ಬರ ಹೆಸರು ಅಂತ ತಡೆದು ನಿಲ್ಸಿದ್ರು. ಅವಳ ಅಪ್ಪ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಏಳಕ್ಕೇ ಬಂದು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ರು, ಕೈಲಿ ಒಂದು ಪ್ಲಾಸ್ಟಿಕ್ ಕವರು, ಅದ್ರಲ್ಲಿ ಎಲ್ಲ ಸರ್ಟಿಫಿಕೇಟು, ಜೊತೆಗೆ ನೋಟರಿ ಹತ್ರ ಮಾಡಿಸಿದ ಅಫಿಡವಿಟ್ಟು. "ನಮ್ಮ ಮಗಳ ಹೆಸರು ನಾವು ಇಟ್ಟಿದ್ದು ಒಂದೇ ಅಲ್ವಾ ಮೇಡಂ" ಅಂದ್ರು. ಆ ಮಾತು ಇವತ್ತಿಗೂ ಕಿವೀಲಿದೆ. ಅದಾದ ಮೇಲೆ ನಮ್ಮ ಪುಸ್ತಕದಲ್ಲಿ ಬರೆದ ಮೊದಲನೇ ನಿಯಮ, ವಿದ್ಯಾರ್ಥಿ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟೀಲಿ ಹೇಗಿದ್ಯೋ ಹಾಗೇ, ಒಂದಕ್ಷರ ತಿದ್ದಂಗಿಲ್ಲ, ನಮಗೆ ವ್ಯಾಕರಣ ಎಷ್ಟೇ ಗೊತ್ತಿದ್ರೂ ತಿದ್ದಂಗಿಲ್ಲ.

ಹಾಂ, ಪುಸ್ತಕ ಅಂದೆನಲ್ಲ, ಅದೊಂದು ಇನ್ನೂರು ಪುಟದ ನೋಟ್‌ಬುಕ್ಕು, ಅಕಾರಾದಿ ಪಟ್ಟಿ ಹಾಕಿದ್ದೆ. ಕಚೇರಿ, ಛ ಬೇಡ. ವಿದ್ಯಾರ್ಥಿ, ಮೊದಲನೇ ದಕಾರಕ್ಕೆ ಮಹಾಪ್ರಾಣ ಇಲ್ಲ, ಕೊನೇ ಥಕಾರಕ್ಕೆ ಇದೆ, ಎಷ್ಟೋ ಬೋರ್ಡಿನ ಮೇಲೆ ವಿಧ್ಯಾರ್ಥಿ ಅಂತ ನೋಡಿ ಹೊಟ್ಟೆ ಉರಿದಿದೆ ನಂಗೆ. ಅಧ್ಯಯನ, ಅಧ್ಯಾಪಕ, ಪ್ರಾಧ್ಯಾಪಕ, ಇಲ್ಲಿ ಧಕಾರಕ್ಕೆ ಮಹಾಪ್ರಾಣ ಬೇಕೇ ಬೇಕು. ಇಂಥವು ಸರಿತಪ್ಪಿನ ವಿಷಯ, ಮನೆ ಪದ್ಧತಿ ಅಲ್ಲ, ನಿಘಂಟು ನೋಡಿದ್ರೆ ಮುಗೀತು.

ಕಂಪ್ಯೂಟರ್ ಬಂದ್ಮೇಲೆ ಇನ್ನೊಂದು ಬಗೆಯ ಕಷ್ಟ. ರ‍್ಯಾಂಕ್ ಅನ್ನೋ ಪದ ತಗೊಳ್ಳಿ, ವಿಶ್ವವಿದ್ಯಾಲಯದಲ್ಲಿ ಇದಕ್ಕಿಂತ ಹೆಚ್ಚು ಬಳಕೆಯ ಪದ ಕಮ್ಮಿ. ರಕಾರ ಪೂರ್ತಿಯಾಗಿ ನಿಂತು ಅದ್ರ ಕೆಳಗೆ ಯ ಒತ್ತು ಬರಬೇಕು. ಆದ್ರೆ ಸುಮ್ಮನೆ ಟೈಪ್ ಮಾಡಿದ್ರೆ ಕಂಪ್ಯೂಟರು ರಕಾರವನ್ನ ಅರ್ಕಾವೊತ್ತು ಮಾಡಿ ಪಕ್ಕಕ್ಕೆ ತಳ್ಳಿಬಿಡತ್ತೆ, ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸಿದ್ರೆ ಮಾತ್ರ ನಮಗೆ ಬೇಕಾದ ಹಾಗೆ ನಿಲ್ಲತ್ತೆ. ಅದು ಗೊತ್ತಿಲ್ಲದೋರು ರಾಂಕ್ ಅಂತ ಬರೆದು ಕೈಬಿಡ್ತಾರೆ. ಒಬ್ಬೊಬ್ಬರು ಒಂದೊಂದು ತರ ಟೈಪ್ ಮಾಡಿರೋದ್ರಿಂದ ಆಮೇಲೆ ಫೈಲಲ್ಲಿ ಹುಡುಕಿದ್ರೆ ಅರ್ಧ ಹೆಸರು ಸಿಗತ್ತೆ, ಅರ್ಧ ಸಿಗೋದೇ ಇಲ್ಲ. ಹಳೇ ನುಡಿ ಫಾಂಟಲ್ಲಿ ಮಾಡಿದ ಫೈಲು ಇದ್ರೆ ಇನ್ನೂ ಕಷ್ಟ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು. ಹಾಗಾಗಿ ಎಲ್ಲ ವಿಭಾಗನೂ ಯೂನಿಕೋಡಲ್ಲೇ, ಅಂದ್ರೆ ಯಾವ ಕಂಪ್ಯೂಟರಲ್ಲಿ ತೆಗೆದ್ರೂ ಕನ್ನಡವಾಗೇ ಉಳಿಯೋ ಪದ್ಧತೀಲೇ ಕೊಡಬೇಕು ಅನ್ನೋದೂ ಶೈಲಿಯ ನಿಯಮನೇ ಅಂತ ನಾನು ಹೇಳ್ತೀನಿ.

ಸುತ್ತೋಲೆಗಳ ವಿಷಯಕ್ಕೆ ಬಂದ್ರೆ, "ದಿನಾಂಕ 15ರೊಳಗಾಗಿ ಶುಲ್ಕ ಪಾವತಿಸತಕ್ಕದ್ದು" ಅಂತ ಬರೀತಾರೆ. 15ನೇ ತಾರೀಕು ಸೇರಿತೋ ಇಲ್ವೋ? ಒಂದು ಕೌಂಟರಲ್ಲಿ ಸೇರಿತು ಅಂತಾರೆ, ಪಕ್ಕದ ಕೌಂಟರಲ್ಲಿ ನಿನ್ನೆಗೇ ಮುಗೀತು, ದಂಡ ಕಟ್ಟು ಅಂತಾರೆ. ಕ್ಯೂನಲ್ಲಿ ನಿಂತ ಹುಡುಗರು ಏನು ಮಾಡಬೇಕು? "15ನೇ ತಾರೀಕು ಸಂಜೆ 4 ಗಂಟೆವರೆಗೆ ಶುಲ್ಕ ಕಟ್ಟಬಹುದು" ಅಂತ ಬರೆಯೋಕೆ ಶಾಯಿ ಜಾಸ್ತಿ ಖರ್ಚಾಗಲ್ಲ. ಇದನ್ನ ಒಪ್ಪಿಸೋಕೆ ಮಾತ್ರ ನಂಗೆ ಎರಡು ವರ್ಷ ಬೇಕಾಯ್ತು, ಮೊದಲಿಂದ ಹೀಗೇ ಬಂದಿದೆ ಅನ್ನೋದೇ ಉತ್ತರ. ಕೊನೆಗೆ ಒಬ್ಬ ಹಿರಿಯ ಗುಮಾಸ್ತರು, ದಿನಾ ಆ ಕೌಂಟರಲ್ಲಿ ಬೈಸ್ಕೊಳ್ತಿದ್ದೋರು, ನನ್ನ ಪರವಾಗಿ ನಿಂತ್ರು.

ಶೈಲಿ ಒಂದೇ ಇರಬೇಕು ಅಂದ ತಕ್ಷಣ ಎಲ್ಲ ಕನ್ನಡಾನೂ ಒಂದೇ ಅಚ್ಚಿಗೆ ಹೊಯ್ಯೋದು ಅಂತ ಮಾತ್ರ ಯಾರೂ ತಿಳ್ಕೋಬಾರ್ದು. ನಮ್ಮಲ್ಲಿ ಒಂದ್ಸಲ ಜಾನಪದದ ಪುಸ್ತಕ ಬಂತು, ಬೀಸೋ ಕಲ್ಲಿನ ಪದಗಳು, ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬಾಯಿಂದ ಬರ್ಕೊಂಡಿದ್ದು. ಹೊಸಬನೊಬ್ಬ ಶ್ರದ್ಧೆಯಿಂದ ಕೂತು ಬಂದಾನ ಅನ್ನೋದನ್ನೆಲ್ಲ ಬಂದನು ಅಂತ, ಅದಾವ ಅನ್ನೋದನ್ನೆಲ್ಲ ಇವೆ ಅಂತ ತಿದ್ದಿಬಿಟ್ಟಿದ್ದ. ಓದಿದ್ರೆ ಹಾಡೇ ಸತ್ತೋಗಿತ್ತು, ಕಲ್ಲು ತಿರುಗೋ ಲಯಾನೇ ಇಲ್ಲ. ಬೈಲಿಲ್ಲ ನಾನು, ಜೊತೇಲಿ ಕೂತು ಮೂರು ದಿನ ಎಲ್ಲ ವಾಪಸ್ ಮಾಡಿದ್ವಿ, ಸಂಗ್ರಹ ಮಾಡಿದೋರ ಕೈಬರಹ ಇಟ್ಕೊಂಡು ಒಂದೊಂದೇ ಸಾಲು. ಆವತ್ತು ನೋಟ್‌ಬುಕ್ಕಲ್ಲಿ ಕೆಂಪು ಶಾಯೀಲಿ ಬರೆದೆ, ಹಾಡಿದೋರ ಮಾತು, ಕತೆ ಹೇಳಿದೋರ ಮಾತು, ಶಾಸನದ ಪಾಠ, ಇವನ್ನ ಮುಟ್ಟಂಗಿಲ್ಲ ಅಂತ. ಮನೆ ಶೈಲಿ ಇರೋದು ವಿಶ್ವವಿದ್ಯಾಲಯ ತಾನೇ ಮಾತಾಡೋವಾಗ ಮಾತ್ರ.

ನಾನು ನಿವೃತ್ತಿ ಆಗೋವಾಗ ಆ ನೋಟ್‌ಬುಕ್ಕನ್ನ ನನ್ನ ಜಾಗಕ್ಕೆ ಬಂದ ಹುಡುಗಿ ಕೈಲಿ ಕೊಟ್ಟೆ. ಅವಳು ಅದನ್ನ ಪೂರ್ತಿ ಟೈಪ್ ಮಾಡಿ ಎಲ್ಲ ವಿಭಾಗಕ್ಕೂ ಕಳಿಸಿದಾಳೆ, ಈಗ ಜನ ಅವಳಿಗೇ ಫೋನ್ ಮಾಡಿ ಕೇಳ್ತಾರಂತೆ, ನಂಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಹೋದ ವಾರ ಅವಳೇ ನಂಗೆ ಫೋನ್ ಮಾಡಿದ್ಲು. "ಅಮ್ಮಾ, ಮರುಮೌಲ್ಯಮಾಪನ ಒಂದೇ ಪದನಾ, ಮರು ಬೇರೆ ಮೌಲ್ಯಮಾಪನ ಬೇರೆನಾ? ಪುಸ್ತಕದಲ್ಲಿ ಇಲ್ಲ, ನಾಳೆ ಅಧಿಸೂಚನೆ ಹೋಗ್ಬೇಕು." ಅರ್ಧ ಗಂಟೆ ಮಾತಾಡಿದ್ವಿ. ಮರುಮುದ್ರಣ ಕೂಡಿಸಿ ಬರೀತೀವಿ, ಮರುಎಣಿಕೆ ಕೂಡಿಸಿ ಬರೀತೀವಿ, ಹಾಗಿದ್ಮೇಲೆ ಇದೂ ಕೂಡಲಿ ಅಂತ ಆಯ್ತು. ಮಕಾರದ ಪುಟದಲ್ಲಿ ತಾರೀಕು ಹಾಕಿ ಬರ್ಕೊಂಡೆ ಅಂದ್ಲು.

ನಮಸ್ಕಾರ.