ಅಸೆಸ್‌ಮೆಂಟ್ ದಿನ ‘ಪರವಾಗಿಲ್ಲ’ ಅನ್ನಬೇಡಿ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಕೊಟ್ಟಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಇವತ್ತಿನ ಮಾತು ಅಸೆಸ್‌ಮೆಂಟ್ ಬಗ್ಗೆ: ಮನೆಯವರನ್ನು ನೋಡಿಕೊಳ್ಳುವವರಿಗೆ ಏನು ನೆರವು ಬೇಕು ಅಂತ ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ಕೇಳಿ ತಿಳಿದುಕೊಳ್ಳುವುದು.

ಇಲ್ಲಿ ಕೇರರ್ ಯಾರಿದ್ದೀರಿ ಅಂತ ಕೇಳಿದರೆ ಕೈ ಎತ್ತುವವರು ಕಡಿಮೆ. ಅತ್ತೆಗೆ ಸ್ನಾನ ಮಾಡಿಸುವವರು, ಗಂಡನ ಮಾತ್ರೆ ಲೆಕ್ಕ ಇಡುವವರು ಯಾರು ಅಂದರೆ ತುಂಬಾ ಕೈ ಮೇಲೇಳುತ್ತವೆ, ಅಲ್ವಾ? ನಮ್ಮ ಲೆಕ್ಕದಲ್ಲಿ ನಾವು ಸೊಸೆ, ಮಗ, ಹೆಂಡತಿ ಅಷ್ಟೇ. ಇಂಗ್ಲೆಂಡಿನ ಕಾನೂನು ಮಾತ್ರ ನಮ್ಮನ್ನು ಕೇರರ್ ಅನ್ನುತ್ತದೆ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 50 ಲಕ್ಷ ಜನ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದಾರೆ.

2014ರ ಕೇರ್ ಆಕ್ಟ್ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ವಯಸ್ಕರೊಬ್ಬರನ್ನು ನೋಡಿಕೊಳ್ಳುವ ನಿಮಗೆ ನೆರವು ಬೇಕಾಗಬಹುದು ಅಂತ ಕಂಡರೆ ಸಾಕು, ಕೌನ್ಸಿಲ್ ನಿಮ್ಮ ಅಸೆಸ್‌ಮೆಂಟ್ ಮಾಡಲೇಬೇಕು. ನಿಮ್ಮ ದುಡ್ಡು ಎಷ್ಟಿದೆ ಅನ್ನುವುದು ಇಲ್ಲಿ ಅಡ್ಡ ಬರುವುದಿಲ್ಲ. ಒಂದೇ ಮನೆಯಲ್ಲಿ ಇರಬೇಕಾಗಿಲ್ಲ. ‘ನನಗೆ ಯಾರ ಸಹಾಯವೂ ಬೇಡ’ ಅಂತ ಮಾವ ಹಟ ಹಿಡಿದರೂ ನಿಮ್ಮ ಅಸೆಸ್‌ಮೆಂಟ್ ನಿಮ್ಮದೇ. ವೀಸಾದಲ್ಲಿರುವವರು ಒಂದು ಗಮನಿಸಿ. ಕೇರರ್‌ಗೆ ಸರ್ಕಾರ ಕೊಡುವ ಭತ್ಯೆ, ಕೇರರ್ಸ್ ಅಲೋವೆನ್ಸ್, ‘ಪಬ್ಲಿಕ್ ಫಂಡ್ಸ್’ ಪಟ್ಟಿಯಲ್ಲಿದೆ, ಅಂದರೆ ಎಷ್ಟೋ ವೀಸಾಗಳಲ್ಲಿ ಪಡೆಯುವಂತಿಲ್ಲದ ಸರ್ಕಾರಿ ನೆರವು. ಅಸೆಸ್‌ಮೆಂಟ್ ಆ ಪಟ್ಟಿಯಲ್ಲಿಲ್ಲ. ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಹೆದರಿ ಕೂರಬೇಡಿ.

ಈಗ ನನ್ನ ಕಥೆ. ಮೊದಲ ಸಲ ಅಸೆಸ್‌ಮೆಂಟ್‌ಗೆ ಅಂತ ಕೌನ್ಸಿಲ್‌ನಿಂದ ಮನೆಗೆ ಬಂದವರು, ‘ರಾತ್ರಿ ನಿದ್ದೆ ಹೇಗೆ?’ ಅಂತ ಕೇಳಿದರು. ಪರವಾಗಿಲ್ಲ ಅಂದೆ. ‘ನಿಮ್ಮ ಬೆನ್ನುನೋವು?’ ಪರವಾಗಿಲ್ಲ. ಮನೆಗೆ ಬಂದವರ ಮುಂದೆ ಮನೆಯ ಕಷ್ಟ ತೋಡಿಕೊಳ್ಳಬಾರದು ಅಂತ ಬೆಳೆದವಳು ನಾನು. ಅದೂ ಅತ್ತೆ ಪಕ್ಕದಲ್ಲೇ ಕೂತಿದ್ದರು. ಮೂರು ವಾರದ ಮೇಲೆ ಕಾಗದ ಬಂತು: ಚೆನ್ನಾಗಿ ನಿಭಾಯಿಸುತ್ತಿದ್ದಾರೆ, ಸದ್ಯಕ್ಕೆ ನೆರವು ಬೇಕಿಲ್ಲ.

ನಿಜ ಏನು ಗೊತ್ತಾ? ರಾತ್ರಿ ಎರಡು ಗಂಟೆಗೆ ಅತ್ತೆ ಏಳುತ್ತಾರೆ. ಸೀರೆ ಮಡಿಸಿ ಚೀಲಕ್ಕೆ ತುಂಬುತ್ತಾರೆ. ‘ಬಾಗಿಲು ತೆಗಿಯೇ, ತಿಪಟೂರು ಬಸ್ಸು ಹೋಗ್ಬಿಡುತ್ತೆ’ ಅನ್ನುತ್ತಾರೆ. ಚಪ್ಪಲಿ ಹುಡುಕುವ ಹಾಗೆ ಮಾಡುತ್ತಾ ನಾನು ಅರ್ಧ ಗಂಟೆ ತಳ್ಳುತ್ತೇನೆ. ನಾಲ್ಕಕ್ಕೆ ಮತ್ತೆ ಬಸ್ಸು. ಏಳಕ್ಕೆ ಮಗಳ ಸ್ಕೂಲ್ ಡಬ್ಬಿ.

ಎರಡನೇ ಸಲ ಕೇಳುವ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದೆ. ಸೋಮವಾರ 2.10ಕ್ಕೆ ಎದ್ದರು, 3ಕ್ಕೆ ಮಲಗಿದರು. ಮಂಗಳವಾರ ಮೂರು ಸಲ ಹಾಸಿಗೆ ಬಟ್ಟೆ ಬದಲಿಸಿದೆ. ಬುಧವಾರ ನಾನು ಮಧ್ಯಾಹ್ನದ ಊಟ ಮಾಡಿದ್ದು ನಾಲ್ಕೂವರೆಗೆ. ಈ ಸಲ ಅತ್ತೆ ಎದುರಿಗಿಲ್ಲದೆ ಮಾತಾಡಬೇಕು ಅಂತಲೂ ಕೇಳಿಕೊಂಡೆ. ನೀವೂ ಕೇಳಬಹುದು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಮಗನನ್ನೋ ಮಗಳನ್ನೋ ಮಧ್ಯೆ ಕೂರಿಸಬೇಡಿ, ಅವರ ಮುಂದೆ ನಿಜ ಬಾಯಿಗೆ ಬರುವುದಿಲ್ಲ.

ನಿಮ್ಮ ಊಟ, ಮನೆ, ಮಕ್ಕಳು, ಕೆಲಸ, ಸ್ನೇಹಿತರು, ಎಲ್ಲ ಕೇಳುತ್ತಾರೆ. ಆಗ ಈ ನಿಯಮ ನೆನಪಿರಲಿ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಒಂದು ಕೆಲಸ ನಿಮಗೆ ಮಾಡಲು ಆಗುತ್ತದೆ, ಆದರೆ ತೀರಾ ನೋವು, ಸಂಕಟ, ಆತಂಕ ಪಟ್ಟು ಮಾಡುತ್ತಿದ್ದೀರಿ ಅಂದರೆ, ಕಾನೂನಿನ ಲೆಕ್ಕದಲ್ಲಿ ಅದು ‘ಆಗುವುದಿಲ್ಲ’ ಅಂತಲೇ. ನಮ್ಮ ‘ಪರವಾಗಿಲ್ಲ’ ಮುಚ್ಚಿಡುವುದು ಇದನ್ನೇ.

ಇನ್ನೊಂದು ಪ್ರಶ್ನೆ ಇದೆ. ಮುಂದೆಯೂ ನೋಡಿಕೊಳ್ಳಲು ನಿಮಗೆ ಆಗುತ್ತದಾ, ಮನಸ್ಸಿದೆಯಾ? ಕೌನ್ಸಿಲ್ ಇದನ್ನು ನೋಡಲೇಬೇಕು ಅಂತ ಕಾನೂನಿದೆ. ಆರು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅತ್ತೆಯನ್ನು ನೋಡಿಕೊಳ್ಳುತ್ತೇನೆ, ರಾತ್ರಿಗಳು ಆಗುತ್ತಿಲ್ಲ ಅಂದೆ. ಹಾಗೆ ಹೇಳಿದ್ದಕ್ಕೆ ಅತ್ತೆಯ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ಅಸೆಸ್‌ಮೆಂಟ್ ಬರವಣಿಗೆಯ ಪ್ರತಿ ಕೊಡಬೇಕು. ನೆರವು ಇಲ್ಲ ಅಂದರೆ ಯಾಕೆ ಅಂತಲೂ ಬರೆದು ಕೊಡಬೇಕು. ಒಪ್ಪದಿದ್ದರೆ ಕೌನ್ಸಿಲ್‌ಗೆ ದೂರು ಕೊಡಿ. ಅಲ್ಲೂ ಸರಿಹೋಗದಿದ್ದರೆ ಕೌನ್ಸಿಲ್ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದ್ದಾರೆ. ಸ್ಕಾಟ್ಲೆಂಡ್, ವೇಲ್ಸ್‌ನಿಂದ ಬಂದವರಿಗೆ ಕಾನೂನು ಬೇರೆ, ಹಕ್ಕು ಇದ್ದೇ ಇದೆ.

ನನಗೆ ವಾರಕ್ಕೆ ಎರಡು ರಾತ್ರಿ ಒಬ್ಬರು ಬರುತ್ತಾರೆ. ಆಕೆಗೆ ಕನ್ನಡ ಬರುವುದಿಲ್ಲ. ‘ತಿಪಟೂರು ಬಸ್ ಲೇಟ್’ ಅನ್ನುವುದನ್ನು ನಾನೇ ಹೇಳಿಕೊಟ್ಟಿದ್ದೇನೆ. ನೋಟ್‌ಬುಕ್ ತಂದಿದ್ದೇನೆ. ಊಟ ಆದಮೇಲೆ ಆ ಕಿಟಕಿ ಹತ್ತಿರ ಕೂತಿರುತ್ತೇನೆ, ಹೇಗೆ ಬರೆಯಬೇಕು ಅಂತ ನೋಡಬೇಕಾದವರು ಬನ್ನಿ.