ಕಬ್ಬಿನ ಗ್ಯಾಂಗಿನ ಬಿಡಾರದಲ್ಲಿ

ನಮಸ್ಕಾರ ಕೇಳುಗರೇ. ದೀಪಾವಳಿ ಆಸುಪಾಸಿಗೆ ಬೆಳಗಾವಿ, ಬಾಗಲಕೋಟೆ ಕಡೆ ರಸ್ತೆ ಬದಿಯಲ್ಲಿ ಪುಟ್ಟ ಗುಡಿಸಲುಗಳು ಏಳುತ್ತವೆ, ನೋಡಿದ್ದೀರಲ್ವಾ? ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ, ನಮ್ಮದೇ ತಾಂಡಾಗಳಿಂದ ಕಬ್ಬು ಕಡಿಯಲು ಬಂದವರ ಬಿಡಾರ ಅದು. ಕಾರ್ಖಾನೆ ಕಬ್ಬು ನುರಿಸುವಷ್ಟು ದಿನ ಅದೇ ಮನೆ.

ಆ ಮನೆಗೆ ಬಾಗಿಲಿಲ್ಲ. ಆದರೂ ಯಾರೂ ಸೀದಾ ಒಳಗೆ ಇಣುಕುವುದಿಲ್ಲ. ನಾಲ್ಕು ಹೆಜ್ಜೆ ಆಚೆ ನಿಂತು "ಅಕ್ಕಾ, ಅದೀರೇನು?" ಅಂತ ಕೂಗುತ್ತಾರೆ. ಬೆಳಕು ಹರಿಯುವ ಮೊದಲು ಹೆಂಗಸರು ಸೀರೆ ಮರೆ ಕಟ್ಟಿ ಸ್ನಾನ ಮಾಡುವಾಗ ಗಂಡಸರು ಆ ಕಡೆ ಹಲ್ಲುಜ್ಜಲೂ ಹೋಗುವುದಿಲ್ಲ. ಬಯಲಿಗೆ ಹೋಗುವಾಗ ಹೆಂಗಸರು ಜೊತೆಯಾಗಿಯೇ ಹೋಗಿ ಎಲ್ಲರೂ ಬರುವ ತನಕ ಕಾಯುತ್ತಾರೆ, ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ.

ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಅಂದರೆ ಕೆಲಸದ ಲೆಕ್ಕಕ್ಕೆ ಒಂದು ಜೋಡಿ. ಕೂಲಿಗಳನ್ನು ಕರೆತರುವ ಗುತ್ತಿಗೆದಾರ ಮುಕಾದಮನ ಹತ್ತಿರ ಮುಂಗಡ ತೆಗೆದುಕೊಳ್ಳುವುದೂ ಜೋಡಿ ಲೆಕ್ಕದಲ್ಲೇ. ಒಬ್ಬರು ಹುಷಾರಿಲ್ಲದೆ ಮಲಗಿದರೆ ದುಡ್ಡು ಕಡಿತ. ಹಾಗಾಗಿ ಹೆಂಡತಿ ಮಲಗಿದರೆ ಪಕ್ಕದ ಗುಡಿಸಲಿನವರು ಅವಳ ಹೊರೆಯನ್ನೂ ಹೊರುತ್ತಾರೆ. ನಾಳೆ ತಮಗೂ ಅದೇ ಗತಿ ಬರಬಹುದು ಅಂತ ಅವರಿಗೆ ಗೊತ್ತು. ಬಿಡಾರದಲ್ಲಿ ಉಳಿದ ಮುದುಕಿಗೆ ಎಲ್ಲ ಮಕ್ಕಳೂ ಮೊಮ್ಮಕ್ಕಳೇ. ಮುದುಕಿ ಇಲ್ಲದ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಒಂಬತ್ತು ಹತ್ತು ವರ್ಷದ ಹುಡುಗಿಯ ಪಾಲಾಗಿ ಅವಳ ಶಾಲೆ ತಪ್ಪುತ್ತದೆ. ಇದನ್ನು ಹೊಂದಾಣಿಕೆ ಅಂತ ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಕೆಲವು ಮಾತು ಅಲ್ಲಿ ಆಡುವಂತಿಲ್ಲ. ಮುಂಗಡ ಎಷ್ಟು, ಇನ್ನೂ ಎಷ್ಟು ತೀರಬೇಕು ಅಂತ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಮರ್ಯಾದೆಯ ವಿಷಯ. ಆದರೆ ಕೇಳಿದ್ದರೆ ಯಾರ ಲೆಕ್ಕ ಸುಮ್ನೆ ಉಬ್ಬಿದೆ ಅಂತ ಗೊತ್ತಾಗುತ್ತಿತ್ತು. ಈ ಮೌನದ ಲಾಭ ಮುಕಾದಮನಿಗೇ. ಇನ್ನೊಂದು ಮುಟ್ಟಿನ ನೋವು. ಗಂಡಸರ ಎದುರು ಆ ಮಾತೇ ಇಲ್ಲ, ರಜೆ ಕೇಳುವುದಂತೂ ದೂರ. ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅಂತ ಸುದ್ದಿಯಾಗಿ, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಬೇಕಾಯಿತು. ಅಷ್ಟು ದೂರ ಹೋಗುವವರೆಗೂ ಆ ನೋವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ನಿಮ್ಮೂರ ಹತ್ತಿರ ಬಿಡಾರ ಬಿದ್ದಿದ್ದರೆ, ನೀವು ಆಶಾ ಕಾರ್ಯಕರ್ತೆಯೋ ಅಂಗನವಾಡಿಯವರೋ ಆಗಿದ್ದರೆ, ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ. ಆಚೆ ನಿಂತು ಕೂಗಿ, ಕರೆದ ಮೇಲೆ ಒಲೆ ಪಕ್ಕ ಕೂತು ಮೆಲ್ಲಗೆ ಕೇಳಿ. ಗಂಡಸರ ಮುಂದೆ ಕೇಳಿದರೆ "ಆರಾಮ ಅದೀನಿ" ಅಂತಷ್ಟೇ ಹೇಳಿ ಕಳಿಸುತ್ತಾರೆ. ನಮಸ್ಕಾರ.